ಕೋಳಿಗೆ, ಕುರಿಗೆ ಯಾವ ಬೇಲಿ? ಎತ್ತಿಡುವ ಕರೆಂಟ್ ಬಲೆಯ ಲೆಕ್ಕಾಚಾರ

ಈ ಬೇಸಿಗೆಯಲ್ಲಿ ಮೂರು ಜನ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಶ್ರೀನಿವಾಸಪುರದ ಕಡೆಯ ಒಬ್ಬರು ಮಾವಿನ ತೋಪಿನಲ್ಲಿ ಅರವತ್ತು ನಾಟಿ ಕೋಳಿ ಬಿಟ್ಟಿದ್ದಾರೆ. ಬೀದಿ ನಾಯಿ ಕಾಟ. ಶಿರಾ ಕಡೆಯವರೊಬ್ಬರು ನಲವತ್ತು ಕುರಿ ಇಟ್ಟುಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಾರೆ. ಗುಬ್ಬಿ ತಾಲ್ಲೂಕಿನ ಅಮ್ಮ ಒಬ್ಬರಿಗೆ ತೆಂಗಿನ ತೋಟದಲ್ಲಿ ಎಂಟು ಮೇಕೆ ಇವೆ. ಮೂವರೂ ಮೊಬೈಲಿನಲ್ಲಿ ಅದೇ ವಿಡಿಯೋ ನೋಡಿದ್ದಾರೆ: ಬಿಳಿ ಬಲೆ, ಪ್ಲಾಸ್ಟಿಕ್ ಗೂಟ, ಮೂಲೆಯಲ್ಲಿ ಶಾಕ್ ಕೊಡುವ ಸೋಲಾರ್ ಮಷಿನ್, ಒಳಗೆ ನೆಮ್ಮದಿಯಾಗಿ ಮೇಯುವ ಕೋಳಿ. "ಇದನ್ನೇ ತಗೊಳ್ಳೋದಾ, ಇಲ್ಲ ಚೈನ್‌ಲಿಂಕ್ ಜಾಲರಿ ಹಾಕಿಸೋದಾ?"

ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ. ನನ್ನದು ಚಿಂತಾಮಣಿ ಕಡೆ ಎರಡು ಎಕರೆ. ಕೋಳಿ, ನಾಲ್ಕು ಮೇಕೆ, ಒಂದಿಷ್ಟು ಹಿಪ್ಪುನೇರಳೆ. ಮುಳ್ಳಿನ ಬೇಲಿಯಿಂದ ಕರೆಂಟ್ ಬಲೆಯವರೆಗೆ ಎಲ್ಲವನ್ನೂ ಕೈ ಸುಟ್ಟುಕೊಂಡೇ ಕಲಿತವನು.

ಮೊದಲು ಕೇಳಿಕೊಳ್ಳಬೇಕಾದ್ದು

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಹೊಲದಲ್ಲಿ ನಿಂತು ಕೆಲವು ಪ್ರಶ್ನೆ ಕೇಳಿಕೊಳ್ಳಿ.

ಕಳ್ಳ ಯಾರು? ಇದೇ ದೊಡ್ಡ ಪ್ರಶ್ನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಹಗಲಿನ ಕಳ್ಳ ಅಂದರೆ ಬೀದಿ ನಾಯಿ, ಮುಂಗುಸಿ, ಹದ್ದು. ರಾತ್ರಿಯದು ನರಿ, ಕಾಡುಬೆಕ್ಕು, ಹಾವು. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಚಿರತೆ ಇದೆ. 2019-20ರಲ್ಲಿ ಅಲ್ಲಿ ಚಿರತೆ ಜನರನ್ನೇ ಹೊತ್ತೊಯ್ದದ್ದು ಯಾರೂ ಮರೆತಿಲ್ಲ. ಪಾವಗಡ, ಮಧುಗಿರಿಯ ಬಯಲಿನಲ್ಲಿ ತೋಳ. ಬಂಗಾರಪೇಟೆಯ ಕಾಮಸಮುದ್ರದ ಕಡೆ ಹೋದರೆ ಆನೆಯೇ ಬರುತ್ತದೆ. ಅಲ್ಲಿ ಕೋಳಿ ಬೇಲಿಯ ಮಾತು ಆಮೇಲೆ. ಎರಡು ಕಾಲಿನ ಕಳ್ಳನೂ ಇದ್ದಾನೆ. ಯುಗಾದಿ ಮಾರನೇ ದಿನ ಹೊಸತೊಡಕು ಅಂದರೆ ಹಿಂದಿನ ರಾತ್ರಿ ನಿಮ್ಮ ಹುಂಜ ಎಣಿಸಿ ಮಲಗಿ. ಆ ಕಳ್ಳನಿಗೆ ಯಾವ ಬಲೆಯೂ ಲೆಕ್ಕಕ್ಕಿಲ್ಲ.

ಒಳಗೆ ಇರುವವರು ಯಾರು? ಕೋಳಿಗೆ ಬೇಕಾದ ಬೇಲಿ ಬೇರೆ, ಮೇಕೆಗೆ ಬೇಕಾದ್ದು ಬೇರೆ. ಕೋಳಿ ಹಾರುತ್ತದೆ, ಪಿಳ್ಳೆ ನುಸುಳುತ್ತದೆ, ಮೇಕೆ ಹತ್ತುತ್ತದೆ, ಕುರಿ ಒಂದು ಹೋದರೆ ಎಲ್ಲ ಹೋಗುತ್ತದೆ.

ಜಾಗ ಬದಲಾಗುತ್ತದಾ? ಎತ್ತಿಡುವ ಬಲೆಗೆ ಕೊಡುವ ದುಡ್ಡು ಪೂರ್ತಿ ಈ ಒಂದು ಗುಣಕ್ಕೆ. ವರ್ಷವಿಡೀ ಒಂದೇ ಕಡೆ ನಿಲ್ಲಿಸುವುದಾದರೆ ಅದನ್ನು ಕೊಳ್ಳಬೇಡಿ. ಇಷ್ಟು ಕಡ್ಡಾಯವಾಗಿ ಹೇಳುವುದಕ್ಕೆ ಕಾರಣ ಮುಂದೆ ಗೊತ್ತಾಗುತ್ತದೆ.

ನೆಲ ನಿಮ್ಮದಾ, ಗುತ್ತಿಗೆಯದಾ? ಮಣ್ಣು ಎಂಥದು, ಬೇಸಿಗೆಯಲ್ಲಿ ಎಷ್ಟು ಒಣಗುತ್ತದೆ? ದಿನಾ ಅರ್ಧ ಗಂಟೆ ಬೇಲಿ ಸುತ್ತುವ ಜನ ಮನೆಯಲ್ಲಿ ಇದ್ದಾರಾ? ಕೊನೆಗೆ ದುಡ್ಡು.

ದುಡ್ಡಿನ ಬಗ್ಗೆ ಒಂದು ಸಣ್ಣ ಲೆಕ್ಕ. ಬೇಲಿಯ ಖರ್ಚು ಸುತ್ತಳತೆಗೆ, ಉಪಯೋಗ ಒಳಗಿನ ಜಾಗಕ್ಕೆ. ಈ ಬಲೆ ಸಾಮಾನ್ಯವಾಗಿ 50 ಮೀಟರ್ ಸುರುಳಿಯಲ್ಲಿ ಬರುತ್ತದೆ. ಒಂದು ಸುರುಳಿಯನ್ನು ಚೌಕವಾಗಿ ನಿಲ್ಲಿಸಿದರೆ ಒಳಗೆ ಸಿಗುವುದು ಒಂದೂವರೆ ಗುಂಟೆ. ಎರಡು ಸುರುಳಿ ಜೋಡಿಸಿದರೆ ಮೂರಲ್ಲ, ಆರು ಗುಂಟೆ. ನಾಲ್ಕು ಸುರುಳಿಗೆ ಇಪ್ಪತ್ತೈದು ಗುಂಟೆ ಹತ್ತಿರ. ಒಂದು ಎಕರೆ ಚೌಕಕ್ಕೆ 254 ಮೀಟರ್ ಬೇಲಿ ಬೇಕು. ನಮ್ಮ ಹೊಲಗಳು ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಇರುತ್ತವಲ್ಲ, ಆಗ ಇನ್ನೂ ಜಾಸ್ತಿ. ಯಾವ ಅಂಗಡಿಯವರು ಎಷ್ಟೇ ದರ ಹೇಳಲಿ, ಅದನ್ನು ಗುಂಟೆಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ. ಜೊತೆಗೆ ಹೋದ ವರ್ಷ ನಾಯಿ, ನರಿ ಪಾಲಾದದ್ದು ಎಷ್ಟು ರೂಪಾಯಿ ಅಂತ ಚೀಟಿಯಲ್ಲಿ ಬರೆಯಿರಿ. ನಷ್ಟ ಐದು ಕೋಳಿ ಮಾತ್ರ ಆಗಿದ್ದರೆ ಗೂಡಿನ ಬಾಗಿಲು ಸರಿಮಾಡಿಸಿ ಸುಮ್ನೆ ಇರಬಹುದು.

ಮುಳ್ಳು, ಮತ್ತು ಕುರಿಗಾರರ ಬಲೆ

ಎತ್ತಿಡುವ ಬೇಲಿ ನಮಗೆ ಹೊಸದೇನಲ್ಲ. ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸುವವರು ನೈಲಾನ್ ಬಲೆ, ಒಂದಿಷ್ಟು ಗೂಟ ಕತ್ತೆಯ ಮೇಲೋ ಟೆಂಪೋದಲ್ಲೋ ಹೇರಿಕೊಂಡು ಬರುತ್ತಾರೆ. ಅರ್ಧ ಗಂಟೆಯಲ್ಲಿ ರೊಪ್ಪ ಸಿದ್ಧ. ಬೆಳಗ್ಗೆ ಸುತ್ತಿಕೊಂಡು ಮುಂದಿನ ಹೊಲ. ಖರ್ಚು ಕಡಿಮೆ, ಕೆಟ್ಟರೆ ಹೊಲಿಯಬಹುದು. ಆದರೆ ಆ ಬಲೆ ಕುರಿಯನ್ನು ಒಳಗೆ ಹಿಡಿಯುತ್ತದೆ ಅಷ್ಟೆ. ಹೊರಗಿನವರನ್ನು ತಡೆಯುವುದು ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿದ ಮನುಷ್ಯ ಮತ್ತು ಅವನ ನಾಯಿ. ಮನುಷ್ಯ ಮನೆಗೆ ಹೋದರೆ ಬಲೆಗೆ ಬೆಲೆಯಿಲ್ಲ. ನಾಯಿ ಹಿಂಡು ಅದನ್ನು ಕಚ್ಚಿ ಹರಿದು ಒಳಗೆ ನುಗ್ಗುತ್ತದೆ.

ಮುಳ್ಳು ಬೇಲಿ, ಅಂದರೆ ಕಾರೆ, ಬಳ್ಳಾರಿ ಜಾಲಿ ಕಡಿದು ಒಟ್ಟುವುದು. ದುಡ್ಡಿಲ್ಲದವರ ಬೇಲಿ ಅನ್ನುತ್ತಾರೆ, ಆದರೆ ದಟ್ಟವಾಗಿ ಒಟ್ಟಿದ ಜಾಲಿ ಬೇಲಿಯನ್ನು ನಾಯಿ ಸುಲಭಕ್ಕೆ ದಾಟುವುದಿಲ್ಲ. ಗೊಲ್ಲರ ಹಟ್ಟಿಗಳಲ್ಲಿ ತಲೆಮಾರುಗಳಿಂದ ಇದೇ ಇತ್ತು. ಕೊರತೆ ಎರಡು. ಮಳೆಗಾಲ ಕಳೆದರೆ ಕುಸಿಯುತ್ತದೆ, ಮತ್ತೆ ಕಡಿದು ಹಾಕಬೇಕು, ಕೂಲಿ ಈಗ ಅಗ್ಗವಿಲ್ಲ. ಮುಂಗುಸಿಗೆ, ಹಾವಿಗೆ ಅದೇ ಮನೆಯಾಗುತ್ತದೆ. ಕುರಿ, ಮೇಕೆಗೆ ಪರವಾಗಿಲ್ಲ. ಕೋಳಿಗೆ ಬೇಡ.

ಚೈನ್‌ಲಿಂಕ್

ಕಲ್ಲು ಕಂಬಕ್ಕೆ ನಮ್ಮಲ್ಲಿ ಬರವಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳೇ ಕಲ್ಲು ಕಂಬದ ಮೇಲೆ ನಿಂತಿವೆ. ಹಳೆಯ ತೋಟ ತೆಗೆದಾಗ ಕಂಬ ಸೆಕೆಂಡ್ಸ್‌ನಲ್ಲೂ ಸಿಗುತ್ತವೆ, ವಿಚಾರಿಸಿ. ಐದಡಿ ಚೈನ್‌ಲಿಂಕ್ ಹಾಕಿ ಬಿಗಿದರೆ ಎಷ್ಟೋ ವರ್ಷ ತಲೆನೋವಿಲ್ಲ. ಕರೆಂಟ್ ಬೇಡ, ಬ್ಯಾಟರಿ ಬೇಡ, ಹುಲ್ಲು ಬೆಳೆದರೂ ಚಿಂತೆಯಿಲ್ಲ. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೂ ಬೇಲಿ ಬೇಲಿಯಾಗೇ ಇರುತ್ತದೆ.

ಕೊರತೆ ಗೊತ್ತಿರಲಿ. ನಾಯಿ ಕೆಳಗೆ ತೋಡುತ್ತದೆ. ಆದ್ದರಿಂದ ಅರ್ಧ ಅಡಿ ಮಣ್ಣಿನೊಳಗೆ ಹೂಳಬೇಕು, ಇಲ್ಲ ಬುಡದಲ್ಲಿ ಕಲ್ಲು ಜೋಡಿಸಬೇಕು. ದೊಡ್ಡ ಕಣ್ಣಿನ ಜಾಲರಿಯಲ್ಲಿ ಮುಂಗುಸಿ ಆರಾಮಾಗಿ ನುಸುಳುತ್ತದೆ. ಕೋಳಿಗಾದರೆ ಕೆಳಗಿನ ಎರಡಡಿಗೆ ಸಣ್ಣ ಕಣ್ಣಿನ ಮೆಷ್ ಸೇರಿಸಿ. ಎಲ್ಲಕ್ಕಿಂತ ದೊಡ್ಡದು, ಅದು ಹೂತ ದುಡ್ಡು. ಗುತ್ತಿಗೆ ನೆಲದಲ್ಲಿ ಹಾಕಿಸಿದರೆ ನೆಲದ ಯಜಮಾನನಿಗೆ ಉಡುಗೊರೆ ಕೊಟ್ಟ ಹಾಗೆ.

ಸ್ವಂತ ಜಮೀನು, ಒಂದೇ ಜಾಗ, ದುಡ್ಡು ಇದೆ ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಚೈನ್‌ಲಿಂಕ್ ಹಾಕಿಸಿ, ಮಿಕ್ಕ ದುಡ್ಡಲ್ಲಿ ರಾತ್ರಿ ಗೂಡು ಗಟ್ಟಿ ಮಾಡಿಸಿ.

ನಿಲ್ಲಿಸಿದ ಸೋಲಾರ್ ತಂತಿ ಬೇಲಿ

ಕೆಲವು ಕಡೆ ಐಬೆಕ್ಸ್ ಬೇಲಿ ಅಂತಲೂ, ಝಟ್ಕಾ ಬೇಲಿ ಅಂತಲೂ ಕರೆಯುತ್ತಾರೆ. ಕಂಬಕ್ಕೆ ಇನ್ಸುಲೇಟರ್ ಹಾಕಿ ನಾಲ್ಕೈದು ಸಾಲು ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ ಎಳೆದು, ಮಷಿನ್‌ನಿಂದ ಶಾಕ್ ಕೊಡುವುದು. ಬೆಳೆಗೆ ಬರುವ ಹಂದಿಗೆ ಇದು ಸರಿಯಾದ ಉತ್ತರ. ಉದ್ದ ಜಾಸ್ತಿಯಾದಷ್ಟೂ ಚೈನ್‌ಲಿಂಕ್‌ಗಿಂತ ಅಗ್ಗ. ಮೇಕೆ, ಕುರಿಗೂ ನಡೆಯುತ್ತದೆ, ಕೆಳಗಿನ ಸಾಲುಗಳನ್ನು ಗೇಣಿಗೊಂದರಂತೆ ಹತ್ತಿರ ಎಳೆದರೆ. ಕೋಳಿಗೆ ಮಾತ್ರ ಅರ್ಥವಿಲ್ಲ, ಅವು ತಂತಿಗಳ ನಡುವೆಯೇ ಓಡಾಡಿಕೊಂಡಿರುತ್ತವೆ.

ಈಗ ಕರೆಂಟ್ ಬಲೆ

ಇದು ಗೋಡೆಯಲ್ಲ. ಮೂರೂವರೆ, ನಾಲ್ಕಡಿ ಎತ್ತರದ ಪ್ಲಾಸ್ಟಿಕ್ ಬಲೆ, ಅಡ್ಡ ಎಳೆಗಳೊಳಗೆ ಕೂದಲಿನಂಥ ಸ್ಟೀಲ್ ತಂತಿ ಹೆಣೆದಿರುತ್ತದೆ. ನಾಯಿ ಮನಸ್ಸು ಮಾಡಿದರೆ ಒಂದೇ ನೆಗೆತಕ್ಕೆ ದಾಟುತ್ತದೆ. ಆದರೂ ದಾಟುವುದಿಲ್ಲ, ಯಾಕೆಂದರೆ ಪ್ರಾಣಿ ಹೊಸ ವಸ್ತುವನ್ನು ಮೊದಲು ಮೂಗಿನಿಂದ ಮೂಸುತ್ತದೆ. ಒದ್ದೆ ಮೂಗಿಗೆ ಒಂದು ಸಲ ಬಿದ್ದರೆ ಆ ನಾಯಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಬೇಲಿ ಕೆಲಸ ಮಾಡುವುದು ಪ್ರಾಣಿಯ ನೆನಪಿನಲ್ಲಿ. ಆ ಮೊದಲನೇ ಪಾಠ ಸರಿಯಾಗಿ ಆಗಬೇಕು, ಅಷ್ಟೇ ಇದರ ಗುಟ್ಟು. ಪಾಠ ಕೆಟ್ಟರೆ, ಅಂದರೆ ಮೊದಲ ದಿನವೇ ಶಾಕ್ ಇಲ್ಲದೆ ನಾಯಿ ಒಳಗೆ ಬಂದು ಒಂದು ಕೋಳಿ ತಿಂದರೆ, ಆಮೇಲೆ ಎಷ್ಟು ಶಾಕ್ ಕೊಟ್ಟರೂ ಅದಕ್ಕೆ ಕೋಳಿಯ ರುಚಿಯೇ ನೆನಪಿರುತ್ತದೆ.

ನನಗೆ ಆದದ್ದು ಇದೇ. ಏಪ್ರಿಲ್ ತಿಂಗಳು. ಮಷಿನ್ ಟಿಕ್ ಟಿಕ್ ಅನ್ನುತ್ತಿತ್ತು, ದೀಪ ಮಿನುಗುತ್ತಿತ್ತು, ನಾನು ಹಾಯಾಗಿ ಸಂತೆಗೆ ಹೋದೆ. ಬರುವಷ್ಟರಲ್ಲಿ ಹನ್ನೊಂದು ಕೋಳಿ ನೆಲದ ಮೇಲೆ. ಮಾರಿದವನಿಗೆ ಫೋನ್ ಮಾಡಿದರೆ "ಮಷಿನ್ ಓಡ್ತಾ ಇದೆ ತಾನೇ ಸಾರ್?" ಅಂದ. ಹೌದು, ಓಡುತ್ತಿತ್ತು. ಬೇಲಿಯ ವೋಲ್ಟ್ ಅಳೆಯುವ ಟೆಸ್ಟರ್ ಇಟ್ಟು ನೋಡಿದರೆ ಬಲೆಯಲ್ಲಿ 1,800 ವೋಲ್ಟ್. ಮೂರು ಸಾವಿರಕ್ಕಿಂತ ಕೆಳಗೆ ಇದ್ದರೆ ನಾಯಿಗೆ ಅದು ಇರುವೆ ಕಚ್ಚಿದ ಹಾಗೆ. ಬೇಕಾದ್ದು ನಾಲ್ಕರಿಂದ ಐದು ಸಾವಿರ, ಅದಕ್ಕಿಂತ ಜಾಸ್ತಿ ಇದ್ದರೂ ಸರಿ.

ತಪ್ಪು ಅರ್ಥಿಂಗ್‌ನದು. ಶಾಕ್ ಹೇಗೆ ಹೊಡೆಯುತ್ತದೆ ನೋಡಿ. ಮಷಿನ್‌ನಿಂದ ಬಲೆಗೆ, ಬಲೆಯಿಂದ ಪ್ರಾಣಿಯ ಮೂಗಿಗೆ, ಅದರ ಕಾಲಿನಿಂದ ಮಣ್ಣಿಗೆ, ಮಣ್ಣಿನಲ್ಲಿ ಹರಿದು ಅರ್ಥಿಂಗ್ ರಾಡ್ ಮೂಲಕ ಮತ್ತೆ ಮಷಿನ್‌ಗೆ. ಈ ಸುತ್ತು ಪೂರ್ತಿಯಾದರೆ ಮಾತ್ರ ಹೊಡೆತ. ನಮ್ಮ ಕೆಮ್ಮಣ್ಣು, ಗರಸು ನೆಲ ಮಾರ್ಚ್‌ನಿಂದ ಮೇವರೆಗೆ ಕಾದ ಹೆಂಚಿನ ಹಾಗೆ ಒಣಗಿರುತ್ತದೆ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ವಿಡಿಯೋದಲ್ಲಿ ಕಾಣುವ ಹಸಿರು ಹುಲ್ಲುಗಾವಲಿನ ದೇಶಗಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ನಮಗೆ ಇದೇ ದೊಡ್ಡ ತೊಂದರೆ.

ಹಾಗಾಗಿ ಇಲ್ಲಿ ಒಂದು ಗೇಣಿನ ಕಡ್ಡಿ ಸಾಲದು. ಒಂದು ಮೀಟರ್‌ಗಿಂತ ಉದ್ದದ ಮೂರು ಜಿಐ ರಾಡ್, ಒಂದಕ್ಕೊಂದು ಮೂರು ಮೀಟರ್ ದೂರದಲ್ಲಿ ಹೊಡೆದು, ಒಂದೇ ತಂತಿಯಿಂದ ಸೇರಿಸಿ. ಹೊಡೆಯುವ ಜಾಗ ಬಚ್ಚಲ ನೀರು ಹೋಗುವ ಕಡೆಯೋ, ತೆಂಗಿನ ಪಾತಿಯ ಪಕ್ಕವೋ, ಡ್ರಿಪ್ ಸೋರುವ ಬದುವೋ ಆಗಿರಲಿ. ಬೇಸಿಗೆಯಲ್ಲಿ ಸಂಜೆ ಒಂದೊಂದು ಬಿಂದಿಗೆ ನೀರು ಹುಯ್ಯಿರಿ. ಮನೆಯ ಕರೆಂಟಿನ ಅರ್ಥಿಂಗ್‌ನಿಂದ ಕನಿಷ್ಠ ಹತ್ತು ಮೀಟರ್ ದೂರ ಇರಲಿ.

ಸರಿಯಾಗಿದೆಯಾ ಅಂತ ನೋಡುವುದು ಹೀಗೆ. ಮಷಿನ್ ಆಫ್ ಮಾಡಿ, ದೂರದ ತುದಿಯಲ್ಲಿ ಒಂದೆರಡು ಕಬ್ಬಿಣದ ಸಲಾಕೆ ನೆಲಕ್ಕೆ ಚುಚ್ಚಿ ಬಲೆಗೆ ಒರಗಿಸಿ. ಆನ್ ಮಾಡಿ ಅಳೆದಾಗ ಬಲೆಯ ವೋಲ್ಟ್ ಎರಡು ಸಾವಿರಕ್ಕಿಂತ ಕೆಳಗೆ ಬಂದಿರಬೇಕು. ಬರದಿದ್ದರೆ ಇನ್ನೊಂದು ಸಲಾಕೆ ಸೇರಿಸಿ. ಆಗ ಕೊನೆಯ ಅರ್ಥಿಂಗ್ ರಾಡ್ ಮೇಲೆ ಟೆಸ್ಟರ್ ಇಡಿ. 300 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಸಾಲದು, ಇನ್ನೊಂದು ರಾಡ್ ಹೊಡೆಯಿರಿ. ಟೆಸ್ಟರ್ ಇಲ್ಲದೆ ಈ ಬೇಲಿ ಕೊಳ್ಳುವುದು ಅಂದರೆ ತಕ್ಕಡಿ ಇಲ್ಲದೆ ಅಂಗಡಿ ಇಟ್ಟ ಹಾಗೆ.

ತೀರಾ ಒಣ ನೆಲಕ್ಕೆ, ಪಾವಗಡ, ಶಿರಾ, ಬಾಗೇಪಲ್ಲಿ ಕಡೆಯವರಿಗೆ, ಇನ್ನೊಂದು ಬಗೆಯ ಬಲೆ ಇದೆ. ಅದರಲ್ಲಿ ಒಂದು ಎಳೆ ಶಾಕಿನದು, ಅದರ ಪಕ್ಕದ್ದು ಅರ್ಥಿಂಗ್‌ನದು. ಪ್ರಾಣಿ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಮಣ್ಣಿನ ಹಂಗಿಲ್ಲದೆ ಹೊಡೆಯುತ್ತದೆ. ಪಾಸಿಟಿವ್-ನೆಗೆಟಿವ್ ಬಲೆ ಅಂತ ಕೇಳಿ.

ಮಷಿನ್ ಎಷ್ಟು ದೊಡ್ಡದು ಬೇಕು? ಅಳತೆ ಜೂಲ್‌ನಲ್ಲಿ, ಅಂದರೆ ಒಂದೊಂದು ಏಟಿನ ಶಕ್ತಿ ಎಷ್ಟು ಅನ್ನುವ ಲೆಕ್ಕ. "ಇಷ್ಟು ಕಿಲೋಮೀಟರ್ ಓಡುತ್ತದೆ" ಅನ್ನುವ ಡಬ್ಬಿಯ ಮೇಲಿನ ಮಾತು ನಂಬಬೇಡಿ, ಅದು ಒಂದೇ ತಂತಿಯನ್ನು ಹುಲ್ಲು ತಾಗದ ನೆಲದಲ್ಲಿ ಎಳೆದಾಗಿನ ಲೆಕ್ಕ. ಬಲೆಯಲ್ಲಿ ಹತ್ತು ಹನ್ನೆರಡು ಸಾಲು ಇರುತ್ತದಲ್ಲ, 50 ಮೀಟರ್ ಬಲೆ ಅಂದರೆ ಅರ್ಧ ಕಿಲೋಮೀಟರ್ ತಂತಿಯೇ ಆಯಿತು. ಒಂದೆರಡು ಸುರುಳಿಗೆ ಅರ್ಧ ಜೂಲ್ ಸಾಕು. ನಾಲ್ಕು ಸುರುಳಿ ಅಂದರೆ ಒಂದು ಜೂಲ್ ಕಡೆ ಹೋಗಿ. ಅರ್ಧ ಜೂಲ್ ಮಷಿನ್ ಸುಮಾರು ಒಂದು ವ್ಯಾಟ್ ತಿನ್ನುತ್ತದೆ, ಅಂದರೆ 12 ವೋಲ್ಟ್ ಬ್ಯಾಟರಿಯಿಂದ ದಿನಕ್ಕೆ ಎರಡು ಆಂಪಿಯರ್-ಅವರ್. 7 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಬರಿದು ಮಾಡಬಾರದು, ಹಾಗಾಗಿ ಬಿಸಿಲಿಲ್ಲದೆ ಎರಡು ದಿನ ತಳ್ಳುವುದೇ ಕಷ್ಟ. 20 ವ್ಯಾಟ್ ಪ್ಯಾನೆಲ್, ಒಂದಿಷ್ಟು ದೊಡ್ಡ ಬ್ಯಾಟರಿ ಇದ್ದರೆ ಆಷಾಢದ ಮೋಡಕ್ಕೂ ಹೆದರಬೇಕಿಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕಟ್ಟಿದ್ದಾರೆ, ಬಿಸಿಲಿಗೆ ನಮ್ಮ ಕಡೆ ಕೊರತೆ ಇಲ್ಲ. ಬ್ಯಾಟರಿ ಕದಿಯುವವರಿಗೂ ಕೊರತೆ ಇಲ್ಲ. ಮಷಿನ್, ಬ್ಯಾಟರಿಯನ್ನು ಶೆಡ್ಡಿನೊಳಗೆ ಬೀಗ ಹಾಕಿ ಇಟ್ಟು, ಹೊರಗೆ ತಂತಿ ಮಾತ್ರ ಎಳೆಯಿರಿ.

ಇನ್ನು ದಿನದ ಕೆಲಸ. ಬಲೆ ಎತ್ತಿ ಬೇರೆ ಕಡೆ ನಿಲ್ಲಿಸಲು ಮಳೆಗಾಲದಲ್ಲಿ ಒಬ್ಬರಿಗೆ ಇಪ್ಪತ್ತು ನಿಮಿಷ ಸಾಕು. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಗೂಟದ ಮೊನೆ ನಮ್ಮ ನೆಲಕ್ಕೆ ಇಳಿಯುವುದೇ ಇಲ್ಲ. ಹಾರೆಯಿಂದ ತೂತು ಮಾಡಿಕೊಂಡು ಹೋಗಬೇಕು, ಆಗ ಒಂದು ಗಂಟೆ. ಮಳೆ ಶುರುವಾದರೆ ಇನ್ನೊಂದು ಕಷ್ಟ: ಗರಿಕೆ, ಕಾಂಗ್ರೆಸ್ ಗಿಡ ಬೆಳೆದು ಬಲೆಗೆ ತಾಗಿ ಶಾಕನ್ನೆಲ್ಲ ನೆಲಕ್ಕೆ ಇಳಿಸುತ್ತವೆ. ಬಲೆ ನಿಲ್ಲಿಸುವ ಸಾಲನ್ನು ಮೊದಲೇ ಸವರಿಕೊಳ್ಳಬೇಕು. ವಾರ, ಹತ್ತು ದಿನಕ್ಕೊಮ್ಮೆ ಜಾಗ ಬದಲಿಸಿದರೆ ಈ ತಾಪತ್ರಯ ಕಡಿಮೆ. ಒಂದೇ ಕಡೆ ಮೂರು ತಿಂಗಳು ನಿಲ್ಲಿಸಿದರೆ ಹುಲ್ಲು ಬಲೆಯನ್ನೇ ನುಂಗುತ್ತದೆ. ಒಂದೇ ಕಡೆ ನಿಲ್ಲಿಸುವವರು ಕೊಳ್ಳಬೇಡಿ ಅಂದದ್ದು ಇದಕ್ಕೇ.

ಬದಲಿಸುವವರಿಗೆ ಸಿಗುವ ಲಾಭವೂ ದೊಡ್ಡದು. ಮಾವಿನ ತೋಪಿನಲ್ಲಿ ಮರದಿಂದ ಮರಕ್ಕೆ ಕೋಳಿ ಸಾಗಿದರೆ ಗೊಬ್ಬರ ಸಮನಾಗಿ ಬೀಳುತ್ತದೆ, ಬುಡದ ಹುಳು ಹೆಕ್ಕುತ್ತವೆ, ಒಂದೇ ಜಾಗ ಗಲೀಜಾಗಿ ರೋಗ ಹಿಡಿಯುವುದೂ ಕಡಿಮೆ. ನನ್ನ ಮೇಕೆಗಳನ್ನು ಹಿಪ್ಪುನೇರಳೆಯಿಂದ ದೂರ ಇಟ್ಟಿರುವುದೂ ಈ ಬಲೆಯೇ. ಮೊದಲು ಆ ಸೊಪ್ಪಿನಲ್ಲಿ ರೇಷ್ಮೆ ಹುಳುವಿಗಿಂತ ಜಾಸ್ತಿ ಅವಕ್ಕೇ ಹೋಗುತ್ತಿತ್ತು.

ಯಾರಿಗೆ ಏನು ಆಗುತ್ತದೆ ಅನ್ನುವುದನ್ನೂ ಹೇಳಬೇಕು. ಕೋಳಿಗೆ ಪುಕ್ಕವೇ ರಕ್ಷೆ, ಶಾಕ್ ತಗಲುವುದು ಜುಟ್ಟಿಗೆ, ಕೊಕ್ಕಿಗೆ. ಎರಡೇ ದಿನಕ್ಕೆ ಕಲಿಯುತ್ತವೆ. ಹಾರುವ ಹೇಂಟೆಗೆ ಒಂದೇ ಕಡೆಯ ರೆಕ್ಕೆಯ ಗರಿ ಕತ್ತರಿಸಿ. ತಿಂಗಳೊಳಗಿನ ಪಿಳ್ಳೆ ಬಲೆಯ ಕಣ್ಣಿನಲ್ಲಿ ನುಸುಳುತ್ತವೆ, ಅವನ್ನು ಮಂಕರಿಯಲ್ಲಿ ಮುಚ್ಚಿಡಿ. ಹದ್ದಿಗೆ ಈ ಬಲೆಯಿಂದ ಏನೂ ಆಗದು. ಮರದ ನೆರಳು, ಪೊದೆ, ಇಲ್ಲವೇ ಮೇಲೆ ಹಳೆಯ ಮೀನಿನ ಬಲೆ, ಇಷ್ಟೇ ದಾರಿ.

ಮೇಕೆ ಬುದ್ಧಿವಂತ. ಮೊದಲು ಎರಡು ಮೂರು ದಿನ ಸಣ್ಣ ಜಾಗದಲ್ಲಿ, ನೀವು ಎದುರಿಗಿದ್ದಾಗಲೇ ಕಲಿಸಿ. ಬಲೆಯ ಹೊರಗೆ ಹಲಸಿನ ಸೊಪ್ಪು ಇಟ್ಟರೆ ತಾನೇ ಮೂಗು ಚಾಚಿ ಪಾಠ ಕಲಿಯುತ್ತದೆ. ಆದರೆ ಕೊಂಬಿರುವ ಮೇಕೆ, ಟಗರಿನ ಬಗ್ಗೆ ಎಚ್ಚರ. ಕೊಂಬು ಬಲೆಯ ಕಣ್ಣಿಗೆ ಸಿಕ್ಕಿದರೆ ಬಿಡಿಸಿಕೊಳ್ಳಲಾರದೆ ಶಾಕ್ ತಿನ್ನುತ್ತಲೇ ಸಾಯಬಹುದು. ನನ್ನ ಒಂದು ಮರಿ ಹಾಗೆ ಸಿಕ್ಕಿಕೊಂಡಿತ್ತು, ಹೆಂಡತಿ ನೋಡಿದ್ದಕ್ಕೆ ಉಳಿಯಿತು. ಅವತ್ತಿನಿಂದ ಕೊಂಬಿನವಕ್ಕೆ ಬಲೆ ಇಲ್ಲ, ಪಾಲಿವೈರ್. ಅಂದರೆ ಅದೇ ಮಷಿನ್, ಬಲೆಯ ಬದಲು ನಾಲ್ಕು ಸಾಲು ಸ್ಟೀಲ್ ಎಳೆಯ ಪ್ಲಾಸ್ಟಿಕ್ ಹಗ್ಗ. ಅಗ್ಗ, ಹಗುರ, ಎತ್ತಿಡಲು ಸುಲಭ, ಸಿಕ್ಕಿಕೊಳ್ಳುವ ಭಯ ಕಡಿಮೆ. ಕುರಿಯ ಉಣ್ಣೆ ಶಾಕ್ ತಡೆಯುತ್ತದೆ, ಆದ್ದರಿಂದ ಒಂದು ಸಾಲು ಅದರ ಮೂಗಿನ ಮಟ್ಟಕ್ಕೆ ಬರಲೇಬೇಕು.

ಕೆಳಗಿನ ಎಳೆಗೆ ಕಪ್ಪೆ, ಹಾವು, ಉಡ, ನಮ್ಮ ಬಯಲಿನ ನಕ್ಷತ್ರ ಆಮೆ ಸಿಕ್ಕಿ ಸಾಯುವುದೂ ಉಂಟು. ಆಮೆ ತಿರುಗಿ ಓಡುವುದಿಲ್ಲ, ಚಿಪ್ಪೊಳಗೆ ಸೇರಿ ಅಲ್ಲೇ ಕೂರುತ್ತದೆ. ಬೆಳಗ್ಗೆ ಒಂದು ಸುತ್ತು ಹಾಕುವ ಅಭ್ಯಾಸ ಇರಲಿ.

ಬಡವರ ಜೋಡಿ

ಸಿದ್ಧ ಕೋಳಿ ಬಲೆ ನಮ್ಮ ತಾಲ್ಲೂಕು ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ತರಿಸಿಕೊಳ್ಳಬೇಕು, ಕೈಗೆ ಬರುವಷ್ಟರಲ್ಲಿ ದುಬಾರಿ. ಮಷಿನ್ ಮತ್ತು ಪಾಲಿವೈರ್ ಸಿಗುತ್ತವೆ. ಹಾಗಾಗಿ ನಾನು ಈಗ ಜಾಸ್ತಿ ಜನರಿಗೆ ಹೇಳುವುದು ಒಂದು ನಡುವಿನ ದಾರಿ: ಕುರಿಗಾರರ ನೈಲಾನ್ ಬಲೆ ಒಳಗೆ, ಅದರ ಹೊರಗೆ ಒಂದು ಗೇಣು ದೂರದಲ್ಲಿ ಎರಡು ಸಾಲು ಪಾಲಿವೈರ್. ಒಂದು ನೆಲದಿಂದ ಗೇಣು ಎತ್ತರಕ್ಕೆ, ಇನ್ನೊಂದು ಮೊಣಕಾಲಿನ ಮಟ್ಟಕ್ಕೆ. ಗೂಟಕ್ಕೆ ಪಿವಿಸಿ ಪೈಪಿನ ತುಂಡು. ಬಲೆ ಕೋಳಿಯನ್ನು ಹಿಡಿಯುತ್ತದೆ, ತಂತಿ ನಾಯಿಯ ಮೂಗನ್ನು ಹಿಡಿಯುತ್ತದೆ. ಹುಲ್ಲು ಸವರಬೇಕಾದ್ದೂ ಎರಡು ಸಾಲಿಗೆ ಮಾತ್ರ. ನೋಡಲು ಚಂದ ಇಲ್ಲ, ಎತ್ತಿಡಲು ಇಮ್ಮಡಿ ಹೊತ್ತು ಬೇಕು. ನೈಲಾನ್ ಬಲೆ ಬಿಗಿಯಾಗಿ ಕಟ್ಟಬೇಕು, ಸಡಿಲ ಬಿಟ್ಟರೆ ಹಾವು ಸಿಕ್ಕಿಕೊಳ್ಳುತ್ತದೆ.

ಮಾಡಲೇಬಾರದ್ದು

ಪಂಪ್‌ಸೆಟ್ ಲೈನಿನಿಂದ ತಂತಿಗೆ ನೇರ ಕರೆಂಟ್ ಕೊಡುವವರು ಈಗಲೂ ಇದ್ದಾರೆ. ಎರಡೂ ಒಂದೇ ಅಂದುಕೊಳ್ಳಬೇಡಿ. ಮಷಿನ್ ಕೊಡುವುದು ಸೆಕೆಂಡಿಗೊಂದರಂತೆ ಸಣ್ಣ ಏಟು. ವೋಲ್ಟ್ ಸಾವಿರಗಟ್ಟಲೆ ಇದ್ದರೂ ಅದು ಇರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. ಮುಟ್ಟಿದವರು ಬೆಚ್ಚಿ ಕೈ ಬಿಡುತ್ತಾರೆ. ಬೆಸ್ಕಾಂ ಲೈನಿನ 230 ವೋಲ್ಟ್ ಬಿಡದೆ ಹರಿಯುತ್ತದೆ, ಹಿಡಿದವರನ್ನು ಬಿಡುವುದಿಲ್ಲ. ಸತ್ತದ್ದು ಮನುಷ್ಯನಾದರೆ ಕ್ರಿಮಿನಲ್ ಕೇಸು. ಚಿರತೆಯಾದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕನಿಷ್ಠ ಮೂರು ವರ್ಷ ಜೈಲು. ಕರೆಂಟ್ ಕದ್ದದ್ದಕ್ಕೆ 2003ರ ವಿದ್ಯುತ್ ಕಾಯ್ದೆ ಬೇರೆ. ಮುಳ್ಳುತಂತಿಗೆ ಮಷಿನ್ ಕೂಡ ಜೋಡಿಸಬೇಡಿ, ಸಿಕ್ಕಿಕೊಂಡವರು ಬಿಡಿಸಿಕೊಳ್ಳಲಾರರು. ನಾಯಿಗೆ ವಿಷ ಇಡುವುದೂ ಅಪರಾಧವೇ.

ಬಲೆ ಹಾಕಿದ ವಾರದಲ್ಲೇ ಪಕ್ಕದ ಹೊಲದವರು ಬಂದರು. "ಏನಣ್ಣ, ಕರೆಂಟ್ ಹಾಕಿದೀಯಂತೆ, ನಮ್ಮ ಹುಡುಗ್ರು ಅಡ್ಡಾಡ್ತಾರೆ." ಅವರ ಎದುರಿಗೆ ನಾನೇ ಮುಟ್ಟಿ ತೋರಿಸಿದೆ. ಕೈ ಜಾಡಿಸಿ ಬೈದುಕೊಂಡದ್ದು ನೋಡಿ ನಕ್ಕು ಹೋದರು. ನೀವು ಮೊದಲೇ ಹೋಗಿ ಹೇಳಿ ಬನ್ನಿ, ದಾರಿಯ ಕಡೆ ಕನ್ನಡದಲ್ಲಿ ದೊಡ್ಡದಾಗಿ ಬೋರ್ಡ್ ಕಟ್ಟಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಮುಟ್ಟಲೇಬಾರದು. ಗುಡುಗು ಮಳೆಗೆ ಮಷಿನ್‌ನಿಂದ ತಂತಿ ಬಿಚ್ಚಿಡಿ.

ಮೂವರಿಗೆ ಹೇಳಿದ್ದು

ಶ್ರೀನಿವಾಸಪುರದವರಿಗೆ ಕರೆಂಟ್ ಬಲೆ ಹೇಳಿ ಮಾಡಿಸಿದ ಹಾಗಿದೆ. ಹಗಲಿನ ನಾಯಿ ಕಾಟ, ಗುತ್ತಿಗೆ ತೋಪು, ಮರದಿಂದ ಮರಕ್ಕೆ ಸಾಗುವ ಕೋಳಿ. ಎರಡು ಸುರುಳಿ, ಅರ್ಧ ಜೂಲ್ ಮಷಿನ್, ಮೂರು ರಾಡ್, ಒಂದು ಟೆಸ್ಟರ್. ದುಡ್ಡು ಹೊಂದದಿದ್ದರೆ ಬಡವರ ಜೋಡಿ. ಮಾವು ಕೀಳುವ ತಿಂಗಳು ಕೂಲಿಯವರು ಓಡಾಡುವಾಗ ಮಷಿನ್ ಆಫ್ ಇರಬೇಕು, ಕೋಳಿ ಗೂಡಿನಲ್ಲಿರಬೇಕು. ರಾತ್ರಿ ಅಂತೂ ಅರ್ಧ ಇಂಚು ಕಣ್ಣಿನ ವೆಲ್ಡ್‌ಮೆಷ್ ಜಾಲರಿಯ ಗೂಡು ಬೇಕೇ ಬೇಕು. ಹಾವಿಗೆ ಅದೊಂದೇ ತಡೆ.

ಶಿರಾದವರ ಕುರಿಗೆ ಪಾಲಿವೈರ್ ಸಾಕು ಅಂದೆ, ಅದೂ ಅವರ ಹಳೆಯ ಬಲೆಯ ಹೊರಗೆ, ಒಂದು ಸಾಲು ಶಾಕು, ಒಂದು ಸಾಲು ಅರ್ಥಿಂಗ್ ಹಾಗೆ. ಅವರ ಹತ್ತಿರ ಎರಡು ಒಳ್ಳೆಯ ನಾಯಿ ಇವೆ. ಅವಕ್ಕೆ ಮುಳ್ಳಿನ ಕೊರಳಪಟ್ಟಿ ಹಾಕಿಸಿ, ಮಂದೆಯ ಪಕ್ಕ ಮಲಗುವುದು ನಿಲ್ಲಿಸಬೇಡಿ ಅಂತಲೂ ಹೇಳಿದೆ. ತೋಳದ ಸೀಮೆಯಲ್ಲಿ ಮಷಿನ್ ನಂಬಿ ಮನೆಗೆ ಹೋಗುವ ಕಾಲ ಬಂದಿಲ್ಲ.

ಗುಬ್ಬಿಯ ಅಮ್ಮನಿಗೆ ಬೇಜಾರಾಯಿತು. ದುಡ್ಡು ಕೈಯಲ್ಲಿ ಹಿಡಿದು ಕೇಳಿದ್ದರು. ಅವರ ತೋಟದ ಹಿಂದೆಯೇ ಗುಡ್ಡ, ಹೋದ ವರ್ಷ ಚಿರತೆ ಎರಡು ಮೇಕೆ ಹೊಡೆದಿದೆ. ನಾಲ್ಕಡಿ ಬಲೆ ಚಿರತೆಗೆ ಒಂದು ನೆಗೆತ. ಐದಡಿ ಚೈನ್‌ಲಿಂಕ್ ಕೂಡ ಅಷ್ಟೇ. "ಬಲೆ ಬೇಡಮ್ಮ. ಮನೆಗೆ ಅಂಟಿಕೊಂಡ ಹಾಗೆ ಕಲ್ಲು ಚಪ್ಪಡಿ ನಿಲ್ಲಿಸಿ ರೊಪ್ಪ ಮಾಡಿಸಿ, ಮೇಲೆ ಪೂರ್ತಿ ಜಾಲರಿ ಬಿಗಿದು ಶೀಟು ಹಾಕಿಸಿ, ಕಬ್ಬಿಣದ ಬಾಗಿಲು. ಹೊತ್ತು ಮುಳುಗುವ ಮುಂಚೆ ಎಂಟನ್ನೂ ಎಣಿಸಿ ಒಳಗೆ ಹಾಕಿ" ಅಂದೆ. ಹಗಲು ತೆಂಗಿನ ಸಸಿ ಮೇಯುವುದು ತಪ್ಪಿಸಲು ಮುಂದೆ ಯಾವಾಗಲಾದರೂ ಪಾಲಿವೈರ್ ನೋಡಬಹುದು. "ಅಂದ್ರೆ ಮಷಿನ್ ಬ್ಯಾಡ್ವಾ?" ಅಂದರು. ಈ ವರ್ಷ ಬೇಡ. ಮೊದಲು ಸೂರು.